ಪಾವಗಡಕ್ಕೆ ಹೊರಟವಳಿಗೆ

ತುಮಕೂರು

ಚಿ. ಮೇಘನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ದೊಡ್ಡಮ್ಮನೂ ಕ್ಷೇಮ.

ನೀನು ಕಳುಹಿಸಿದ ಸಂಶೋಧನಾ ಪ್ರಸ್ತಾವವನ್ನು ಎರಡು ಸಲ ಓದಿದೆ. ಪಾವಗಡದ ಸೋಲಾರ್ ಪಾರ್ಕಿನ ವಿಚಾರವನ್ನು ಸರ್ಕಾರ, ಕಂಪನಿಗಳು ಮತ್ತು ಪತ್ರಿಕೆಗಳು ಜನರ ಮುಂದೆ ಹೇಗೆ ಇಟ್ಟವು, ಜನ ಅದನ್ನು ಹೇಗೆ ಅರ್ಥ ಮಾಡಿಕೊಂಡರು ಎಂಬುದನ್ನೇ ಪಿಎಚ್.ಡಿ.ಗೆ ಆರಿಸಿಕೊಂಡಿರುವುದು ನನಗೆ ಬಹಳ ಸಂತೋಷ ತಂದಿದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳ್ಳಿಗಳಿಗೆ ಕರೆಂಟು ಕೊಡುವ ಕೆಲಸದಲ್ಲಿದ್ದವನು ನಾನು. ಆ ಅನುಭವದಿಂದ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ. ಒಪ್ಪುವುದೂ ಬಿಡುವುದೂ ನಿನಗೆ ಸೇರಿದ್ದು, ಆದರೆ ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲು ಒಮ್ಮೆ ಯೋಚಿಸು.

‘ಗ್ರಾಮೀಣರಲ್ಲಿ ನವೀಕರಿಸಬಹುದಾದ ಇಂಧನದ ಕುರಿತು ಇರುವ ಅರಿವಿನ ಮಟ್ಟವನ್ನು ಅಳೆಯುವುದು’ ಎಂದು ನಿನ್ನ ಮೊದಲ ಉದ್ದೇಶವನ್ನು ಬರೆದಿದ್ದೀಯೆ. ಅದನ್ನು ಓದಿ ನನ್ನ ಮನಸ್ಸು ಅಲ್ಲಿಯೇ ತಡೆದು ನಿಂತಿತು. ತಿಳಿದವರು ಹೇಳಬೇಕು, ತಿಳಿಯದವರು ಕೇಳಿಸಿಕೊಳ್ಳಬೇಕು ಎಂಬ ಏರ್ಪಾಟು ಆ ಒಂದು ವಾಕ್ಯದೊಳಗೆ ಆಗಲೇ ಬಂದು ಕುಳಿತಿದೆ. ಪಾವಗಡದಲ್ಲಿ ಯಾರಿಗೆ ಯಾವುದರ ಅರಿವು ಕಡಿಮೆ ಎಂಬುದನ್ನು ಅಲ್ಲಿಗೆ ಹೋಗಿ ಕಂಡುಕೊಳ್ಳಬೇಕೇ ಹೊರತು ಇಲ್ಲಿಂದಲೇ ತೀರ್ಮಾನಿಸಿಕೊಂಡು ಹೋಗಬಾರದು.

ಇದನ್ನು ದೊಡ್ಡ ವಿಜ್ಞಾನಿಗಳೇ ಕಷ್ಟಪಟ್ಟು ಕಲಿತ ಊರು ನಮ್ಮ ಜಿಲ್ಲೆಯಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ನಮ್ಮ ಅಡುಗೆಮನೆಗಳಿಗೆ ಬಂದ ಅಸ್ತ್ರ ಒಲೆ ಅಲ್ಲಿಯದೇ. ಆ ತಂಡದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಮನೆಮನೆಗೆ ಹೋಗಿ, ಸೌದೆ ಎಷ್ಟು, ನೀರು ಹೊರುವುದಕ್ಕೆ ಎಷ್ಟು ಹೊತ್ತು, ಯಾರ ಮೈಬೆವರು ಎಷ್ಟು ಎಂದು ಲೆಕ್ಕ ಹಾಕಿದರು. ಊರಿನ ಒಟ್ಟು ಮನುಷ್ಯಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸರದೆಂದು ಆ ಲೆಕ್ಕದಿಂದ ಹೊರಬಿತ್ತು. ಇಷ್ಟು ಎಚ್ಚರದಿಂದ ಅಳೆದವರು ಕೂಡ ಮೊದಲು ಗೋಬರ್ ಗ್ಯಾಸ್ ಘಟಕವನ್ನು ಕಟ್ಟಲು ಹೊರಟದ್ದು ಅಡುಗೆಗೆಂದು. ಆ ಪ್ರಯತ್ನ ಕೈಗೂಡಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕರೆಂಟು ತೆಗೆದು, ಕೊಳವೆಬಾವಿಯ ನೀರನ್ನು ಊರಿಗೆ ಹರಿಸಿ, ಮನೆಗಳಿಗೆ ದೀಪ ಕೊಟ್ಟ ಮೇಲೆ ಜನ ಘಟಕವನ್ನು ತಮ್ಮದೆಂದುಕೊಂಡರು. ಸಗಣಿ ತಂದು ಹಾಕಿದವರಿಗೆ ಹಣ ಸಿಗುತ್ತಿತ್ತು, ಅನಿಲ ತೆಗೆದ ಮೇಲೆ ಉಳಿದ ಬಗ್ಗಡವೂ ಗೊಬ್ಬರಕ್ಕೆಂದು ಮರಳಿ ಸಿಗುತ್ತಿತ್ತು. ತಂತ್ರಜ್ಞಾನದಲ್ಲಿ ದೊಡ್ಡ ಬದಲಾವಣೆಯೇನೂ ಆಗಿರಲಿಲ್ಲ, ‘ನಿಮಗೇನು ಬೇಕು’ ಎಂಬ ಪ್ರಶ್ನೆಗೆ ಬಂದ ಉತ್ತರವನ್ನು ಕೇಳಿಸಿಕೊಂಡಿದ್ದರು, ಅಷ್ಟೆ. ನೀನು ಪರಿಸರ ಸಂವಹನ ಎಂದು ಕರೆಯುವ ವಿಷಯಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ರೆಡ್ಡಿಯವರು ಇದೇ ವಿವೇಕವನ್ನು ಇಡೀ ರಾಜ್ಯದ ಯೋಜನೆಗೂ ಅನ್ವಯಿಸಿದರು. 1987ರಲ್ಲಿ ಕರ್ನಾಟಕಕ್ಕೆ 2000ನೇ ಇಸವಿಯ ಹೊತ್ತಿಗೆ ಎಷ್ಟು ವಿದ್ಯುತ್ ಬೇಕಾದೀತೆಂದು ಸರ್ಕಾರದ ಸಮಿತಿಯೊಂದು ಅಂದಾಜು ಮಾಡಿತ್ತು. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಎಷ್ಟು ಯೂನಿಟ್ ಬೇಕೆಂಬ ಲೆಕ್ಕವನ್ನು ಪಕ್ಕಕ್ಕಿಟ್ಟು, ಎಷ್ಟು ಬೆಳಕು, ಎಷ್ಟು ನೀರು, ಎಷ್ಟು ಬಿಸಿ ಬೇಕೆಂದು ಕೇಳಿಕೊಂಡು ಹೊರಟರು. ಒಳ್ಳೆಯ ದೀಪ, ಸರಿಯಾದ ಪಂಪ್‌ಸೆಟ್ಟು, ಸೌರ ಜಲತಾಪಕ ಇವುಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಅದೇ ಸೌಕರ್ಯಕ್ಕೆ ಸಮಿತಿ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕೆಂದು ತೋರಿಸಿದರು. ನಿನ್ನ ಪ್ರಬಂಧದಲ್ಲಿ ಮೆಗಾವ್ಯಾಟ್ ಎಂಬ ಪದ ಬಂದಲ್ಲೆಲ್ಲ ‘ಯಾರ ಮನೆಯ, ಯಾವ ಕೆಲಸಕ್ಕೆ’ ಎಂದು ಅಂಚಿನಲ್ಲಿ ಬರೆದುಕೋ.

ಈಗ ಪಾವಗಡಕ್ಕೆ ಬರುತ್ತೇನೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾರ್ಕು ನಿಂತಿದೆ. ರೈತರ ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ನಿರ್ಧಾರವೆಂದು ನಾನು ನಂಬುತ್ತೇನೆ; ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿ ಹೋಗುವ ಸೀಮೆಯಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲ. ಆದರೆ ಕಾಗದ ತೆಗೆದುಕೊಂಡು ಲೆಕ್ಕ ಹಾಕು: ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ ಎಕರೆಯ ವಾರ್ಷಿಕ ಗುತ್ತಿಗೆ ಸುಮಾರು 37,700 ರೂಪಾಯಿ ಆಗುತ್ತದೆ, ಬೆಲೆಗಳು ವರ್ಷಕ್ಕೆ ಶೇ 4ರಂತೆ ಏರಿದರೆ ಗುತ್ತಿಗೆ ಆರಂಭವಾದ ದಿನದ ಲೆಕ್ಕದಲ್ಲಿ ಅದರ ಬೆಲೆ 14,700ರ ಆಸುಪಾಸು. ಸಹಿ ಹಾಕುವಾಗ ಈ ಮಾತನ್ನು ಯಾರಾದರೂ ರೈತನಿಗೆ ಬಿಡಿಸಿ ಹೇಳಿದರೇ? ನಿನ್ನ ವಿಷಯ ಸಂವಹನವಾದರೆ ಮೊದಲ ಪ್ರಶ್ನೆ ಇದೇ ಆಗಬೇಕು. ಎರಡನೆಯದು, ಗುತ್ತಿಗೆಯ ಹಣ ಪಹಣಿ ಇದ್ದವನಿಗೆ ಬಂತು. ಅವನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸಿಗೆ ಏನಾಯಿತು, ಕೊಯ್ಲಾದ ಹೊಲದಲ್ಲಿ ಕುರಿ ಬಿಡುತ್ತಿದ್ದವನು ಈಗ ಎತ್ತ ಹೋಗುತ್ತಾನೆ? ನೀನು ಮಾತನಾಡಿಸಲಿರುವವರ ಪಟ್ಟಿಯಲ್ಲಿ ಬರೀ ಭೂಮಾಲೀಕರಿದ್ದಾರೆ. ದಯವಿಟ್ಟು ಅದನ್ನು ತಿದ್ದು.

ಪದಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನೀನು ‘ಬರಡು ಭೂಮಿ’ ಎಂದು ನಾಲ್ಕು ಕಡೆ ಬರೆದಿದ್ದೀಯೆ. ಉಳುವವನಿಗೆ ಅದು ಮಳೆ ಆಶ್ರಯದ ಹೊಲ. ಮಳೆ ಬಂದ ವರ್ಷ ಬೆಳೆಯುತ್ತದೆ, ಬಾರದ ವರ್ಷ ಮೇವಾದರೂ ಸಿಗುತ್ತದೆ. ಸುಸ್ಥಿರತೆ ಎಂಬ ಪದವನ್ನು ಅಲ್ಲಿ ಯಾರ ಬಾಯಲ್ಲಿಯೂ ಕೇಳಲಾರೆ, ಆದರೆ ‘ಇದು ಬಾಳಿಕೆ ಬರುತ್ತಾ’ ಎಂದು ನಿನ್ನನ್ನೇ ಕೇಳುವವರು ಸಿಗುತ್ತಾರೆ. ಅಂಥ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಬರೆದುಕೋ, ನಿನ್ನ ಪಾರಿಭಾಷಿಕ ಪದಕ್ಕೆ ತಿರುಗಿಸಿ ಬರೆಯಬೇಡ. ಇನ್ನೊಂದು ಸಂಗತಿ, ಅದು ಆಂಧ್ರದ ಗಡಿ. ಅನೇಕ ಮನೆಗಳ ಒಳಮಾತು ತೆಲುಗು. ಗಂಡಸರು ಹೊರಗೆ ಜಗಲಿಯ ಮೇಲೆ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಹೆಂಗಸರ ಮಾತು ಬೇಕಾದರೆ ತೆಲುಗು ಬಲ್ಲ ಹುಡುಗಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಒಳಗೆ ಹೋಗಬೇಕು.

ಅಂಕಿಅಂಶಗಳ ಬಗ್ಗೆ ನನ್ನದೇ ತಪ್ಪನ್ನು ನಿನಗೆ ಹೇಳಬೇಕು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಉಚಿತ. ಅವುಗಳಲ್ಲಿ ಬಹುಪಾಲಿಗೆ ಮೀಟರಿಲ್ಲದ ಕಾರಣ ಬಳಕೆಯನ್ನು ಅಂದಾಜು ಮಾಡುತ್ತಾರೆ. ನಾನು ಹೊಸದಾಗಿ ಸೇರಿದ್ದಾಗ, ತಿಂಗಳ ಕೊನೆಗೆ ಟಿ.ಸಿ.ಗಳ (ಟ್ರಾನ್ಸ್‌ಫಾರ್ಮರುಗಳ) ಬಳಿಗೆ ಹೋಗಿ ನೋಡಲು ಆಗದೆ, ಕುರ್ಚಿಯಲ್ಲಿ ಕುಳಿತೇ ಹಿಂದಿನ ತಿಂಗಳ ಅಂಕಿಗೆ ಸ್ವಲ್ಪ ಕೂಡಿಸಿ ಬರೆದದ್ದುಂಟು. ಕೆಲವು ವರ್ಷಗಳ ನಂತರ ನಮ್ಮ ಭಾಗದ ಬಳಕೆ ಹೇಗೆ ಏರಿತು ಎಂಬ ಕೋಷ್ಟಕವೊಂದನ್ನು ವರದಿಯಲ್ಲಿ ಕಂಡೆ. ಅದರಲ್ಲಿ ನನ್ನ ಕೈಬರಹದ ಅಂಕಿಗಳು ದಶಮಾಂಶ ಬಿಂದುವಿನೊಂದಿಗೆ ಅಚ್ಚಾಗಿದ್ದವು. ಆ ದಿನದ ನಾಚಿಕೆ ಇಂದಿಗೂ ಹೋಗಿಲ್ಲ. ಆದ್ದರಿಂದ ಯಾವ ಕೋಷ್ಟಕವನ್ನು ಬಳಸಿದರೂ ಅದರ ಮೂಲದಲ್ಲಿ ಮೀಟರ್ ಇತ್ತೇ, ಅಂದಾಜು ಇತ್ತೇ ಎಂದು ವಿಚಾರಿಸು, ವಿಚಾರಿಸಿದ್ದನ್ನು ಪ್ರಬಂಧದಲ್ಲಿ ಬರೆ.

ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತಿದ್ದ ಕಾಲದಲ್ಲಿ ಟಾರ್ಚು ಹಿಡಿದು ಹೊಲಕ್ಕೆ ಹೋಗುತ್ತಿದ್ದ ರೈತರ ಬೈಗುಳವನ್ನು ನಾನು ಕೇಳಿದ್ದೇನೆ. ಅದು ನ್ಯಾಯವಾಗಿಯೇ ಇತ್ತು. ಬಿಸಿಲಿನಿಂದ ಬರುವ ಕರೆಂಟು ಹಗಲಿನದು. ಸೋಲಾರ್ ಪ್ಲೇಟುಗಳ ಬೇಲಿಯ ಪಕ್ಕದ ಹೊಲದವನಿಗೆ ಹಗಲಿನಲ್ಲಿ ಎಷ್ಟು ಗಂಟೆ ನೀರು ಎತ್ತಲು ಸಾಧ್ಯವಾಯಿತು ಎಂಬ ಒಂದು ಅಧ್ಯಾಯವನ್ನು ನೀನು ಬರೆದರೆ ನಾನು ಕೃತಜ್ಞನಾಗಿರುತ್ತೇನೆ.

ಕೊನೆಗೆ, ಪ್ರಬಂಧ ಇಂಗ್ಲಿಷಿನಲ್ಲಿಯೇ ಇರಬೇಕೆಂಬ ನಿಯಮ ನನಗೆ ಗೊತ್ತು. ಆದರೂ ಇಪ್ಪತ್ತು ಪುಟದ ಕನ್ನಡ ಪ್ರತಿಯೊಂದನ್ನು, ಸಾಧ್ಯವಾದರೆ ತೆಲುಗಿನದೂ ಒಂದನ್ನು, ಆ ಐದು ಊರುಗಳ ಗ್ರಾಮಸಭೆಯ ಮುಂದೆ ನೀನೇ ನಿಂತು ಓದು. ಅವರು ಅಲ್ಲಗಳೆದ ಮಾತುಗಳನ್ನು ಸೇರಿಸಿದ ಮೇಲೆಯೇ ವಿಶ್ವವಿದ್ಯಾಲಯಕ್ಕೆ ಒಪ್ಪಿಸು.

ಪ್ರಶ್ನಾವಳಿಯ ಕನ್ನಡ ಪ್ರತಿ ಸಿದ್ಧವಾದ ಕೂಡಲೇ ನನಗೊಂದು ಕಳುಹಿಸು. ನಿನ್ನ ದೊಡ್ಡಮ್ಮನ ತವರು ಅದೇ ಸೀಮೆಯಾದ್ದರಿಂದ ಯಾವ ಪ್ರಶ್ನೆಯನ್ನು ಅಲ್ಲಿನ ಹೆಂಗಸರು ತಪ್ಪು ತಿಳಿದಾರೆಂದು ಅವಳು ಗುರುತು ಹಾಕಿ ಕೊಡುತ್ತೇನೆಂದಿದ್ದಾಳೆ.

ಇತಿ,
ನಿನ್ನ ದೊಡ್ಡಪ್ಪ