ಮಿಸೆಸ್ ಮೂರ್‌ಗೆ ಮುಂಚಿನ 58 ವರ್ಷ

ಮಾನ್ಯ ಸಂಪಾದಕರೇ,

ರಾಮನಗರ, ಸಾವನದುರ್ಗದ ಬಂಡೆಗಳಲ್ಲಿ ಚಿತ್ರೀಕರಣವಾದ ಸಿನಿಮಾಗಳ ಬಗ್ಗೆ ಪತ್ರಿಕೆಗಳಲ್ಲಿ ಬರಹ ಬಂದಾಗಲೆಲ್ಲ ‘ಶೋಲೆ’ಯ ಬೆನ್ನಿಗೇ ‘ಎ ಪ್ಯಾಸೇಜ್ ಟು ಇಂಡಿಯಾ’ದ ಪ್ರಸ್ತಾಪ ಬರುತ್ತದೆ. ನಿರ್ದೇಶಕ ಡೇವಿಡ್ ಲೀನ್ ಬಗ್ಗೆ ನಾಲ್ಕು ಮಾತು, ಬೆಂಗಳೂರು ಅರಮನೆಯ ಆವರಣದಲ್ಲಿ ಎದ್ದ, ಕಥೆ ನಡೆಯುವ ಕಾಲ್ಪನಿಕ ಊರು ಚಂದ್ರಾಪುರದ ಸೆಟ್ ಬಗ್ಗೆ ಎರಡು ಮಾತು, ಕೊನೆಗೆ ‘77ನೇ ವಯಸ್ಸಿನಲ್ಲಿ ಆಸ್ಕರ್ ಗೆದ್ದ ಅಜ್ಜಿ’ ಎಂಬ ಒಂದು ಸಾಲು. ಅಲ್ಲಿಗೆ ಮುಗಿಯಿತು. ಆ ಅಜ್ಜಿಯ ಹೆಸರು ಪೆಗ್ಗಿ ಆಶ್‌ಕ್ರಾಫ್ಟ್. ಇಳಿವಯಸ್ಸಿನಲ್ಲಿ ಅದೃಷ್ಟ ಖುಲಾಯಿಸಿದ ಸಿನಿಮಾ ನಟಿ ಎಂಬಂತೆ ಅವರನ್ನು ಪರಿಚಯಿಸುವುದು ತಪ್ಪು. 1907ರ ಡಿಸೆಂಬರ್ 22ರಂದು ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ಹುಟ್ಟಿದ ಅವರು ವೃತ್ತಿರಂಗಭೂಮಿಗೆ ಬಂದದ್ದು 1926ರಲ್ಲಿ, ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಎಂಬ ನಾಟಕ ತಂಡದ ಮೂಲಕ. ಆಸ್ಕರ್ ತಂದ ಪಾತ್ರ, ‘ಎ ಪ್ಯಾಸೇಜ್ ಟು ಇಂಡಿಯಾ’ದ ಮಿಸೆಸ್ ಮೂರ್, ತೆರೆಗೆ ಬಂದದ್ದು 1984ರಲ್ಲಿ. ನಡುವಿನ 58 ವರ್ಷಗಳನ್ನು ಬಿಟ್ಟರೆ ಆ ಪಾತ್ರದಲ್ಲಿ ನಾವು ನೋಡುವುದು ಏನೆಂದೇ ಅರ್ಥವಾಗುವುದಿಲ್ಲ.

1930ರಲ್ಲಿ, 22ರ ಹರೆಯದಲ್ಲಿ, ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರ್‌ನ ‘ಒಥೆಲೊ’ದಲ್ಲಿ ಪಾಲ್ ರೋಬ್ಸನ್ ಎದುರು ನಾಯಕಿ ಡೆಸ್ಡಿಮೋನಾ ಆದರು. (ಬಸವಪ್ಪಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯಿಂದಾಗಿ ಒಥೆಲೊ ಕಥೆ ಕನ್ನಡಕ್ಕೆ ಅದಕ್ಕೂ ಹಳೆಯ ಪರಿಚಯ.) ಕಪ್ಪು ನಟನೊಬ್ಬ ಬಿಳಿಯ ನಟಿಯನ್ನು ವೇದಿಕೆಯ ಮೇಲೆ ಮುಟ್ಟುತ್ತಾನೆಂದು ಅವರಿಗೆ ಅಸಹ್ಯದ ಪತ್ರಗಳು ಬಂದವು. ಸವಾಯ್ ರಂಗಮಂದಿರದಲ್ಲಿ ನಾಯಕನಾದ ರೋಬ್ಸನ್‌ಗೆ ಪಕ್ಕದ ಸವಾಯ್ ಹೋಟೆಲಿನಲ್ಲಿ ಸ್ವಾಗತವಿರಲಿಲ್ಲ. ಇದು ಆಶ್‌ಕ್ರಾಫ್ಟ್ ಮನಸ್ಸಿಗೆ ಬಲವಾಗಿ ನಾಟಿತು. ಮುಂದೆ ಜೀವನವಿಡೀ ಜನಾಂಗಭೇದದ ವಿರುದ್ಧ ನಿಂತರು.

1935ರ ಜೂಲಿಯೆಟ್ ಪಾತ್ರವನ್ನು ನಟನಟಿಯರು ವಿಶೇಷವಾಗಿ ಗಮನಿಸಬೇಕು. ಲಂಡನ್ನಿನ ನ್ಯೂ ಥಿಯೇಟರ್‌ನಲ್ಲಿ ಜಾನ್ ಗಿಲ್‌ಗುಡ್ ನಿರ್ದೇಶಿಸಿದ ಆ ‘ರೋಮಿಯೊ ಅಂಡ್ ಜೂಲಿಯೆಟ್’ 180ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಮೊದಲ ಆರು ವಾರ ಲಾರೆನ್ಸ್ ಒಲಿವಿಯರ್ ರೋಮಿಯೊ, ಗಿಲ್‌ಗುಡ್ ರೋಮಿಯೊನ ಗೆಳೆಯ ಮರ್ಕ್ಯುಶಿಯೊ. ಆಮೇಲೆ ಇಬ್ಬರೂ ಪಾತ್ರ ಅದಲುಬದಲು ಮಾಡಿಕೊಂಡರು. ಜೂಲಿಯೆಟ್ ಮಾತ್ರ ಒಬ್ಬರೇ. ಒಲಿವಿಯರ್ ಪದ್ಯವನ್ನು ಒಡೆದು ಆಡುಮಾತಿಗೆ ಹತ್ತಿರ ತರುತ್ತಿದ್ದರು. ಗಿಲ್‌ಗುಡ್ ಲಯ ಹಿಡಿದು ಹಾಡಿನಂತೆ ಹರಿಸುತ್ತಿದ್ದರು. ಎದುರಿನವರ ಧಾಟಿಗೆ ಜಾರಿದರೆ ಜೂಲಿಯೆಟ್ ಎರಡು ಬೇರೆ ಹುಡುಗಿಯರಾಗಿಬಿಡುತ್ತಾಳೆ. ಹಟ ಹಿಡಿದು ತನ್ನ ಧಾಟಿಯಲ್ಲೇ ನಿಂತರೆ ಎದುರಿನವರೊಂದಿಗೆ ಮಾತೇ ಕೂಡುವುದಿಲ್ಲ. ಈ ಎರಡರ ನಡುವೆ ನಡೆಯಲು ಕಲಿತದ್ದು ಅವರ ಬದುಕಿನ ದೊಡ್ಡ ಪಾಠವೆಂದು ನಮ್ಮ ಎಣಿಕೆ.

ಶೇಕ್ಸ್‌ಪಿಯರ್ ಸಾಲಿನಲ್ಲಿ ಸಾಮಾನ್ಯವಾಗಿ ಹತ್ತು ಅಕ್ಷರ, ಐದು ಒತ್ತು. ವಾಕ್ಯ ಸಾಲಿನ ನಡುವೆ ಮುಗಿದಲ್ಲೆಲ್ಲ ನಟ ನಿಂತು ಉಸಿರೆಳೆದರೆ ಪದ್ಯ ಕುಸಿದು ಗದ್ಯವಾಗುತ್ತದೆ. ಒತ್ತುಗಳನ್ನೇ ಕುಟ್ಟುತ್ತಾ ಹೋದರೆ ಮಗ್ಗಿ ಒಪ್ಪಿಸಿದಂತಾಗುತ್ತದೆ. ಸಾಲಿನ ತುದಿಯಲ್ಲಿ ಅರೆಗಳಿಗೆ ಮಾತನ್ನು ತೂಗಿಸಿ, ದನಿ ಇಳಿಸದೆ ಮುಂದಿನ ಸಾಲಿಗೆ ದಾಟಿಸಬೇಕು. ಐದೈದು ಮಾತ್ರೆಯ ಸರಳ ರಗಳೆಯಲ್ಲಿರುವ ಕುವೆಂಪು ನಾಟಕಗಳನ್ನು ಗಟ್ಟಿಯಾಗಿ ಓದಿದವರಿಗೆ ಈ ಕಷ್ಟ ಗೊತ್ತು. ಆಶ್‌ಕ್ರಾಫ್ಟ್ ಧ್ವನಿಮುದ್ರಣಗಳಲ್ಲಿ ಪದ್ಯ ಇದೆಯೆಂಬುದೇ ಮರೆತುಹೋಗುತ್ತದೆ, ಆದರೆ ಲೆಕ್ಕ ಹಾಕಿದರೆ ಸಾಲು ಎಲ್ಲೂ ಮುರಿದಿರುವುದಿಲ್ಲ.

1960ರಲ್ಲಿ, ಇನ್ನೂ 30 ತುಂಬದ ನಿರ್ದೇಶಕ ಪೀಟರ್ ಹಾಲ್, ಶೇಕ್ಸ್‌ಪಿಯರ್ ಹುಟ್ಟೂರು ಸ್ಟ್ರಾಟ್‌ಫರ್ಡ್‌ನ ರಂಗಮಂದಿರದ ಹೊಣೆ ಹೊತ್ತು, ನಟರಿಗೆ ಮೂರು ವರ್ಷಗಳವರೆಗಿನ ಒಪ್ಪಂದ ಕೊಟ್ಟು ಕಾಯಂ ತಂಡ ಕಟ್ಟಲು ಹೊರಟರು. ಮರುವರ್ಷ ಅದಕ್ಕೆ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಎಂಬ ಹೆಸರಾಯಿತು. ಈ ಯೋಜನೆಗೆ ಮೊದಲೇ ಕೈಜೋಡಿಸಿದ ದೊಡ್ಡ ತಾರೆ ಆಶ್‌ಕ್ರಾಫ್ಟ್. ತಾರೆಯಾದವರು ಒಂದು ನಾಟಕಕ್ಕೆ ಬಂದು ಹೋಗುವುದು ಅಲ್ಲಿನ ರೂಢಿಯಾಗಿದ್ದ ಕಾಲ ಅದು. ರಂಗಾಯಣದಂಥ ರೆಪರ್ಟರಿಯನ್ನು ಕಂಡಿರುವ ನಮಗೆ ಈ ನಿರ್ಧಾರದ ತೂಕ ಗೊತ್ತಾಗುತ್ತದೆ: ಸಂಬಳ ಕಡಿಮೆ, ಇಂದು ರಾಣಿಯಾದವರು ನಾಳೆ ಸಣ್ಣ ಪಾತ್ರಕ್ಕೂ ಸಿದ್ಧರಿರಬೇಕು. 1960ರಲ್ಲೇ 52ರ ಆಶ್‌ಕ್ರಾಫ್ಟ್, 27ರ ಪೀಟರ್ ಒಟೂಲ್ ಎದುರು ‘ದಿ ಟೇಮಿಂಗ್ ಆಫ್ ದ ಶ್ರೂ’ನ ಕ್ಯಾಥರೀನಾ ಆದರು.

ಅವರ ಶಿಖರವೆಂದರೆ 1963ರ ‘ದ ವಾರ್ಸ್ ಆಫ್ ದ ರೋಸಸ್’. ಶೇಕ್ಸ್‌ಪಿಯರ್‌ನ ‘ಹೆನ್ರಿ 6’ರ ಮೂರು ಭಾಗ ಹಾಗೂ ‘ರಿಚರ್ಡ್ 3’ ಸೇರಿಸಿ ಅದೇ ಕಂಪನಿಯ ಜಾನ್ ಬಾರ್ಟನ್ ಮೂರು ನಾಟಕ ಮಾಡಿದರು. ಅರ್ಧದಷ್ಟು ಪಠ್ಯ ಕತ್ತರಿಸಿದರು, ಕೊಂಡಿ ಕೂಡಿಸಲು ಸಾವಿರಕ್ಕೂ ಹೆಚ್ಚು ಸಾಲು ತಾವೇ ಬರೆದರು. ಮೂರರಲ್ಲೂ ಬರುವವಳು ರಾಣಿ ಮಾರ್ಗರೆಟ್. ಫ್ರಾನ್ಸ್‌ನಲ್ಲಿ ಸೆರೆಸಿಕ್ಕ ಹುಡುಗಿಯಾಗಿ ಬರುತ್ತಾಳೆ, ರಾಣಿಯಾಗಿ ಸೇನೆ ನಡೆಸುತ್ತಾಳೆ, ಗಂಡನನ್ನೂ ಮಗನನ್ನೂ ಕಳೆದುಕೊಂಡ ಮುದುಕಿಯಾಗಿ ಶಾಪ ಹಾಕುತ್ತಾಳೆ. ಆಗ ಆಶ್‌ಕ್ರಾಫ್ಟ್‌ಗೆ 55. ಹುಡುಗಿಯಾಗಲು 35 ವರ್ಷ ಇಳಿಯಬೇಕು, ಮುದುಕಿಯಾಗಲು 15 ವರ್ಷ ಏರಬೇಕು. ಪ್ರಸಾಧನದಿಂದ ಸಾಧಿಸುವ ಕೆಲಸವಲ್ಲ ಇದು. ಪರದೇಶದ ಹೆಣ್ಣೆಂದು ಕಿವಿಗೆ ತಿಳಿಯಲಿ ಎಂದು ‘ರ’ಕಾರವನ್ನು ತುಸು ಫ್ರೆಂಚ್ ರೀತಿಗೆ ತಿರುಗಿಸಿಕೊಂಡರು.

ಮಾರ್ಗರೆಟ್‌ಳ ಗಂಡನ ಕಿರೀಟಕ್ಕೆ ಹಕ್ಕು ಹೂಡಿದ ಯಾರ್ಕ್ ದೊರೆ ಸೆರೆಸಿಕ್ಕ ದೃಶ್ಯ ನೋಡಿ. ಮಾರ್ಗರೆಟ್ ಅವನನ್ನು ಮಣ್ಣುಗುಡ್ಡೆಯ ಮೇಲೆ ನಿಲ್ಲಿಸಿ, ಅವನ ಎಳೆಯ ಮಗನ ರಕ್ತದಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣೊರೆಸಿಕೊಳ್ಳಲು ಕೊಡುತ್ತಾಳೆ, ತಲೆಗೆ ಕಾಗದದ ಕಿರೀಟ ಇಡಿಸುತ್ತಾಳೆ. ಅವಳ ಮಾತು ಸುಮಾರು 40 ಸಾಲು. ಬಳಿಕ ಯಾರ್ಕ್ ಕೊಡುವ ಉತ್ತರವೂ ಹೆಚ್ಚುಕಡಿಮೆ ಅಷ್ಟೇ, ಅಷ್ಟು ಹೊತ್ತೂ ಅವಳಿಗೆ ಮಾತಿಲ್ಲ. ಹಲವು ನಟಿಯರು ಎಡವುವುದು ಇಲ್ಲಿಯೇ: ತಮ್ಮ 40 ಸಾಲಿನಲ್ಲೇ ಕ್ರೌರ್ಯವನ್ನೆಲ್ಲ ಖರ್ಚು ಮಾಡಿ, ಕೇಳಿಸಿಕೊಳ್ಳುವ ಹೊತ್ತಿಗೆ ಬರಿಗೈಯಾಗುತ್ತಾರೆ. ಆಶ್‌ಕ್ರಾಫ್ಟ್ ನಗುತ್ತಲೇ ಒಳಗೆ ಒಡೆಯುತ್ತಾರೆ. ಕ್ರೌರ್ಯ ಅವಳನ್ನೂ ಹಾಳುಮಾಡುತ್ತಿದೆ ಎಂಬುದು ಯಾರ್ಕ್‌ನ ಸಾಲುಗಳ ಮೇಲೆ ಅವರ ಮುಖದಲ್ಲಿ ಮೂಡುತ್ತಾ ಹೋಗುತ್ತದೆ.

1975ರಲ್ಲಿ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್‌ನ ‘ಹ್ಯಾಪಿ ಡೇಸ್’ನಲ್ಲಿ ನಾಯಕಿ ವಿನ್ನಿ ಆದರು. ವಿನ್ನಿ ಮೊದಲ ಅಂಕದಲ್ಲಿ ಸೊಂಟದವರೆಗೆ, ಎರಡನೆಯದರಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿರುತ್ತಾಳೆ. ಚೀಲದಿಂದ ಹಲ್ಲುಜ್ಜುವ ಬ್ರಷ್ ತೆಗೆಯುವುದು, ಹಿಡಿಕೆಯ ಮೇಲಿನ ಅಕ್ಷರ ಓದಲು ಕಣ್ಣು ಕಿರಿದು ಮಾಡುವುದು, ಕನ್ನಡಕ ಒರೆಸುವುದು, ಎಲ್ಲವನ್ನೂ ಮಾತಿನ ಯಾವ ಬಿಡುವಿನಲ್ಲಿ ಮಾಡಬೇಕೆಂದು ಬೆಕೆಟ್ ಗೊತ್ತುಮಾಡಿದ್ದಾನೆ. ಒಂದು ವಸ್ತು ಕೈತಪ್ಪಿದರೆ ಮುಂದಿನ ಮಾತೂ ತಪ್ಪುತ್ತದೆ. ಎರಡನೆಯ ಅಂಕದಲ್ಲಿ ಕೈಯೂ ಇಲ್ಲ, ತಲೆ ತಿರುಗಿಸುವಂತಿಲ್ಲ. ಉಳಿಯುವುದು ಕಣ್ಣು, ಬಾಯಿ, ದನಿ. ಆಗ ಆಶ್‌ಕ್ರಾಫ್ಟ್‌ಗೆ 67.

‘ಪ್ಯಾಸೇಜ್’ಗೆ ಕರೆ ಬಂದಾಗ ತನಗೆ 75 ವರ್ಷವಾಯಿತೆಂದು ಹಿಂಜರಿದರಂತೆ, ತನಗೂ ಅಷ್ಟೇ ಎಂದರಂತೆ ಲೀನ್. ಅದಕ್ಕೆ ಮುಂಚೆಯೇ ಅವರು ‘ದ ಜ್ಯುಯೆಲ್ ಇನ್ ದ ಕ್ರೌನ್’ ಧಾರಾವಾಹಿಯಲ್ಲಿ ಮಿಷನರಿ ಬಾರ್ಬಿಯಾಗಿ ನಟಿಸಿದ್ದರು. ಉದಯಪುರ, ಶಿಮ್ಲಾಗಳ ಜೊತೆ ನಮ್ಮ ಮೈಸೂರಿನಲ್ಲೂ ಚಿತ್ರೀಕರಣವಾದ ಧಾರಾವಾಹಿ ಅದು. ಬಾರ್ಬಿ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಸಿಕ್ಕಿತು. 1985ರ ಮಾರ್ಚ್ 25ರಂದು ಮಿಸೆಸ್ ಮೂರ್‌ಗೆ ಆಸ್ಕರ್ ಬಂದಾಗ ಅವರು ಸಮಾರಂಭದಲ್ಲಿ ಇರಲಿಲ್ಲ. ಅವರ ಪರವಾಗಿ ಏಂಜೆಲಾ ಲ್ಯಾನ್ಸ್‌ಬರಿ ಸ್ವೀಕರಿಸಿದರು. ಪೋಷಕ ನಟಿಯ ವಿಭಾಗದಲ್ಲಿ ಅಷ್ಟು ವಯಸ್ಸಿನವರು ಈವರೆಗೆ ಬೇರೆ ಯಾರೂ ಗೆದ್ದಿಲ್ಲ. 1991ರ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು.

ರಾಮನಗರ, ಸಾವನದುರ್ಗದ ಬೆಟ್ಟಗಳ ಬಗ್ಗೆ ಬರೆಯುವವರಲ್ಲಿ ನಮ್ಮ ಕೋರಿಕೆ ಸಣ್ಣದು: ಮುಂದಿನ ಸಲ ಆ ಹೆಸರು, ಆ 58 ವರ್ಷ ಎರಡೂ ಇರಲಿ. ನಾಟಕ ಶಾಲೆಗಳ ವಿದ್ಯಾರ್ಥಿಗಳಿಗೂ ಒಂದು ಮಾತು. ‘ವಾರ್ಸ್ ಆಫ್ ದ ರೋಸಸ್’ ಅನ್ನು ಬಿಬಿಸಿ 1965ರಲ್ಲಿ ಪ್ರಸಾರ ಮಾಡಿತ್ತು, ಅದು ಡಿವಿಡಿಯಲ್ಲಿ ಸಿಗುತ್ತದೆ. ಮೊದಲು ಮಣ್ಣುಗುಡ್ಡೆಯ ದೃಶ್ಯ ನೋಡಿ, ಕೂಡಲೇ ‘ಪ್ಯಾಸೇಜ್’ನ ಮಸೀದಿಯ ದೃಶ್ಯ ಹಾಕಿ. ಬೆಳದಿಂಗಳಲ್ಲಿ ಡಾಕ್ಟರ್ ಅಜೀಜ್, ಚಪ್ಪಲಿ ಬಿಡದೆ ಒಳಬಂದಿದ್ದೀರಿ ಎಂದು ಗದರುತ್ತಾನೆ. ಮಿಸೆಸ್ ಮೂರ್ ಬಿಟ್ಟೇ ಬಂದಿದ್ದಾರೆ. ಆ ಗದರಿಕೆಯನ್ನು ಅವರು ಕೇಳಿಸಿಕೊಳ್ಳುವ ಬಗೆಯನ್ನು ಗಮನಿಸಿ. ನೋಯುವುದಿಲ್ಲ, ಸಮರ್ಥನೆಗೆ ಆತುರವಿಲ್ಲ, ಉತ್ತರಕ್ಕೆ ಮುಂಚೆ ಒಂದೇ ಒಂದು ಉಸಿರಿನಷ್ಟು ಬಿಡುವು.

ಇತಿ,
ರಂಗಾಸಕ್ತರು, ಬೆಂಗಳೂರು