ಹಬ್ಬದ ಮಾರನೇ ದಿನ ತೂಕದ ಮಷೀನ್ ಹತ್ತಬೇಡಿ ಮಾರಾಯ್ರೆ

ಸಂಪಾದಕರೇ, ನಮಸ್ಕಾರ.

ದೀಪಾವಳಿ ಮುಗಿದ ವಾರ ನಿಮ್ಮ ಪುರವಣಿಯಲ್ಲಿ ಹಬ್ಬದ ಊಟದಿಂದ ಏರಿದ ತೂಕನ ಮೂರೇ ದಿನದಲ್ಲಿ ಇಳಿಸೋದು ಹೇಗೆ ಅಂತ ಒಂದು ಬರಹ ಬಂದಿತ್ತಲ್ಲ, ಬೆಳಿಗ್ಗೆ ನಿಂಬೆಹಣ್ಣಿನ ನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿಗೆ ಏನೂ ಇಲ್ಲ ಅಂತ, ಈ ಪತ್ರ ಅದರ ಬಗ್ಗೆನೇ. ನಾನು ತೀರ್ಥಹಳ್ಳಿ ಕಡೆ ಒಂದು ಸಣ್ಣ ಮೆಡಿಕಲ್ ಶಾಪ್ ಇಟ್ಕೊಂಡಿರೋನು, ಡಿ.ಫಾರ್ಮಾ ಓದಿದೀನಿ ಅಷ್ಟೇ, ಡಾಕ್ಟ್ರಲ್ಲ. ಆದ್ರೆ ಆ ಬರಹ ಓದಿದ ಜನ ಬರೋದು ನಿಮ್ಮ ಆಫೀಸಿಗಲ್ಲ, ನಮ್ಮಂಥ ಅಂಗಡಿಗೆ. ಅದಕ್ಕೇ ಬರೀತಿದೀನಿ.

ನಮ್ಮ ಬಾಗಿಲಲ್ಲಿ ಒಂದು ಡಿಜಿಟಲ್ ತೂಕದ ಮಷೀನ್ ಇದೆ. ಬೇರೆ ದಿನ ಅದನ್ನ ಯಾರೂ ಕೇಳಲ್ಲ, ಮಕ್ಕಳು ಹತ್ತಿ ಕುಣೀತಾವೆ ಅಷ್ಟೇ. ಹಬ್ಬ ಮುಗಿದ ಮಾರನೇ ದಿನ ನೋಡ್ಬೇಕು, ಶಟರ್ ಎತ್ತೋದೇ ತಡ ಶುರು. ಒಂದು ಸಲ ಹತ್ತಿ ನಂಬರ್ ನೋಡ್ತಾರೆ, ನಂಬಿಕೆ ಬರಲ್ಲ, ಇಳಿದು ಚಪ್ಪಲಿ ಬಿಟ್ಟು ಮತ್ತೆ ಹತ್ತುತಾರೆ, ಆಮೇಲೆ ಮೊಬೈಲು, ಪರ್ಸು, ಬೀಗದ ಕೈ ಗೊಂಚಲು ಎಲ್ಲ ಕೌಂಟರ್ ಮೇಲೆ ಇಟ್ಟು ಇನ್ನೊಂದು ಸಲ. ಈ ಸಲ ಒಬ್ಬರು ಕೊರಳಲ್ಲಿದ್ದ ಸರಕ್ಕೇ ಕೈ ಹಾಕಿ, ಬೇಡ ಅಂತ ಬಿಟ್ಟರು. ಮಳೆ ಬಿದ್ದ ದಿನ ಆಗಿದ್ರೆ ಒದ್ದೆ ಜರ್ಕಿನ್ ಹಾಕ್ಕೊಂಡು ಕೊಡೆ ಹಿಡ್ಕೊಂಡೇ ಹತ್ತೋರೂ ಇದಾರೆ. ಕೊನೆಗೆ ಎಲ್ಲರದ್ದೂ ಒಂದೇ ಮಾತು, ಹೋದ ವಾರ 62 ಇತ್ತು ಈಗ 64 ತೋರಿಸ್ತಿದೆ, ನಿಮ್ಮ ಮಷೀನ್ ಹಾಳಾಗಿದೆ. ಮಷೀನ್ ಸರಿ ಇದೆ ಅಂದ್ರೆ ಮುಖ ಸಣ್ಣದಾಗುತ್ತೆ.

ಮಷೀನ್ ಸರಿನೇ ಇರುತ್ತೆ, ಆ 2 ಕೆಜಿನೂ ಸುಳ್ಳಲ್ಲ, ಆದ್ರೆ ಅದರಲ್ಲಿ ಬಹುಪಾಲು ಕೊಬ್ಬಲ್ಲ. ಇದೊಂದು ವಿಷಯ ಜನಕ್ಕೆ ಗೊತ್ತಾದ್ರೆ ಅರ್ಧ ಗಾಬರಿ ಕಮ್ಮಿ ಆಗುತ್ತೆ. ಲೆಕ್ಕ ಹಾಕಿ ನೋಡಿ, ಮೈಯಲ್ಲಿ ಒಂದು ಕೆಜಿ ಕೊಬ್ಬು ಸೇರ್ಬೇಕು ಅಂದ್ರೆ ದಿನದ ಖರ್ಚು ಕಳೆದು ಮೇಲೆ ಸುಮಾರು 7700 ಕ್ಯಾಲೊರಿ ಬೇಕು. 2 ಕೆಜಿಗೆ 15,400. ಒಂದು ಕಾಯಿ ಹೋಳಿಗೆ, ಮೇಲೆ ತುಪ್ಪ ಸುರಿದು, 300 ಕ್ಯಾಲೊರಿ ಅಂತಲೇ ಹಿಡಿರಿ, ದಿನಾ ತಿನ್ನೋ ಊಟ ಎಲ್ಲ ತಿಂದ ಮೇಲೆ ಐವತ್ತೊಂದು ಹೋಳಿಗೆ ತಿನ್ನಬೇಕಾಗುತ್ತೆ. ನಮ್ಮೂರಲ್ಲಿ ಪಂಕ್ತೀಲಿ ಕೂತು ಪಂಥ ಕಟ್ಟಿ ತಿನ್ನೋರನ್ನ ನೋಡಿದೀನಿ, ಅವರೂ ಅಷ್ಟು ತಿಂದಿಲ್ಲ.

ಹಾಗಾದ್ರೆ ಆ ತೂಕ ಎಲ್ಲಿಂದ ಬಂತು ಅಂದ್ರೆ, ಮೊದಲನೇದಾಗಿ ತಿಂದದ್ದೇ ಇನ್ನೂ ಹೊಟ್ಟೇಲಿರುತ್ತೆ. ಊಟ ಬಾಯಿಂದ ಹೊರಟು ಪೂರ್ತಿ ಆಚೆ ಹೋಗೋಕೆ ಒಂದರಿಂದ ಮೂರು ದಿನ ಬೇಕು. ಅರ್ಧ ಲೀಟರ್ ಮಜ್ಜಿಗೆ ಕುಡಿದು ಆ ಕ್ಷಣ ಮಷೀನ್ ಹತ್ತಿದ್ರೆ ಅರ್ಧ ಕೆಜಿ ಜಾಸ್ತಿ ತೋರಿಸುತ್ತೆ, ಅದಕ್ಕೆ ಯಾರಾದ್ರೂ ದಪ್ಪ ಆದೆ ಅಂತಾರಾ? ಎರಡನೇದು ಅನ್ನ, ಕಡುಬು, ಬೆಲ್ಲ, ಸಕ್ಕರೆ. ಇವನ್ನ ಮೈ ಲಿವರಲ್ಲೂ ಮಾಂಸಖಂಡದಲ್ಲೂ ಗ್ಲೈಕೋಜನ್ ಅಂತ ಮಾಡಿ ಇಟ್ಕೊಳುತ್ತೆ, ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಕೂತ್ಕೊಳುತ್ತೆ. ಹಬ್ಬದಲ್ಲಿ 200 ಗ್ರಾಂ ಹೆಚ್ಚು ತುಂಬಿಕೊಂಡ್ರೆ ನೀರು ಸೇರಿ 800 ಗ್ರಾಂ, ಅಲ್ಲಿಗೇ ಮುಕ್ಕಾಲು ಕೆಜಿ ದಾಟ್ತು.

ಮೂರನೇದು ಉಪ್ಪು, ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ಆಸ್ಪತ್ರೇಲಿ ಹಾಕೋ ಸಲೈನ್ ಬಾಟಲಿ ಮೇಲೆ 0.9 ಪರ್ಸೆಂಟ್ ಅಂತ ಇರುತ್ತೆ ನೋಡಿ, ಅಂದ್ರೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ನಮ್ಮ ರಕ್ತದ ಹದಕ್ಕೆ ಅದು ಹೊಂದುತ್ತೆ ಅಂತಲೇ ಹಾಗೆ ಮಾಡಿರೋದು. ಅಂದ್ಮೇಲೆ ನೀವು ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಾರು, ಕರಿ ದಿನದ ಕೋಳಿ ಪಲ್ಯ ಎಲ್ಲ ಸೇರಿಸಿ ನಾಲ್ಕೈದು ಗ್ರಾಂ ಉಪ್ಪು ಹೆಚ್ಚಿಗೆ ತಿಂದ್ರೆ ಅದೇ ಹದ ಕಾಯೋಕೆ ಮೈ ಅರ್ಧ ಲೀಟರ್ ನೀರು ಹಿಡಿದಿಟ್ಕೊಳುತ್ತೆ, ಕಿಡ್ನಿ ಅದನ್ನ ಆಚೆ ಹಾಕೋ ತನಕ ಬೆರಳಲ್ಲಿ ಉಂಗುರ ಬಿಗಿ, ಬೆಳಿಗ್ಗೆ ಎದ್ರೆ ಮುಖ ಊದಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅನ್ನುತ್ತೆ, ನಮ್ಮ ಹಬ್ಬದ ಎಲೆಯ ಎಡಗಡೆ ತುದೀಲೇ ಅದು ಮುಗಿದಿರುತ್ತೆ. ಇನ್ನು ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಹಬ್ಬ ಇಲ್ದಿದ್ರೂ ನೀರು ನಿಂತು ತೂಕ ಏರೋದುಂಟು, ಎರಡೂ ಒಟ್ಟಿಗೆ ಬಂದ್ರಂತೂ ಕೇಳೋದೇ ಬೇಡ.

ಇದೆಲ್ಲ ನಾಲ್ಕೈದು ದಿನ ಮಾಮೂಲಿ ಊಟ ಮಾಡ್ಕೊಂಡು ಇದ್ರೆ ತಾನಾಗೇ ಇಳಿಯುತ್ತೆ. ಇಲ್ಲೇ ನೋಡಿ ನಿಮ್ಮ ಮೂರು ದಿನದ ಉಪವಾಸದ ಗುಟ್ಟು ಇರೋದು. ಸೌತೆಕಾಯಿ ತಿಂದವರಿಗೂ ಇಳಿಯುತ್ತೆ, ಅನ್ನ ಸಾರು ತಿಂದವರಿಗೂ ಹೆಚ್ಚುಕಮ್ಮಿ ಇಳಿಯುತ್ತೆ, ಹೆಸರು ಮಾತ್ರ ಸೌತೆಕಾಯಿಗೆ. ಉಪವಾಸ ಮಾಡಿದೋರಿಗೆ ಇನ್ನೂ ಒಂದು ಕೆಜಿ ಜಾಸ್ತಿ ಇಳಿದ್ರೆ ಅದೂ ಗ್ಲೈಕೋಜನ್ ಖಾಲಿಯಾಗಿ ಅದರ ನೀರು ಹೋಗಿದ್ದೇ ಬಹಳಷ್ಟು. ನಮ್ಮ ಕಡೆ ಅಡಿಕೆ ಬೇಯಿಸಿ ಒಣಗಿಸಿದಾಗ ತೂಕ ಎಷ್ಟು ಇಳಿಯುತ್ತೆ ಅಂತ ತೋಟದೋರಿಗೆ ಹೇಳಿಕೊಡಬೇಕಾ, ಅಡಿಕೆ ಕಳೆದುಹೋಯ್ತು ಅಂತ ಯಾರೂ ಹುಡುಕಲ್ಲ.

ಬರೀ ಸೌತೆಕಾಯಿ ತಿಂದು ಬಿಟ್ಟಿದ್ರೆ ನಾನು ಪತ್ರ ಬರೀತಿರಲಿಲ್ಲ. ಮಷೀನಿಂದ ಇಳಿದೋರು ಕೌಂಟರಿಗೆ ಬಂದು ಹೊಟ್ಟೆ ಕ್ಲೀನ್ ಮಾಡೋದು ಏನಾದ್ರೂ ಕೊಡಿ ಅಂತಾರೆ. ಜುಲಾಬಿನ ಮಾತ್ರೆ ಕೆಲಸ ಮಾಡೋದು ದೊಡ್ಡ ಕರುಳಲ್ಲಿ, ಊಟದ ಸತ್ವ ಅಷ್ಟರಲ್ಲಿ ಸಣ್ಣ ಕರುಳಲ್ಲೇ ರಕ್ತಕ್ಕೆ ಸೇರಿ ಆಗಿರುತ್ತೆ. ಆಚೆ ಹೋಗೋದು ನೀರು, ಜೊತೆಗೆ ಮೈಗೆ ಬೇಕಾದ ಪೊಟ್ಯಾಶಿಯಂ ಅನ್ನೋ ಲವಣ. ಒಂದು ಕ್ಯಾಲೊರಿನೂ ವಾಪಸ್ ಬರಲ್ಲ ಅನ್ನೋ ಹಾಗೇನೇ. ಇನ್ನು ಕೆಲವರು ಯಾವುದೋ ವಿಡಿಯೋ ನೋಡಿ ಬಂದು, ಮನೇಲಿ ಅಜ್ಜನಿಗೆ ಕೊಡೋ ನೀರಿನ ಮಾತ್ರೆ ಇದೆಯಲ್ಲ ಅದು ಒಂದು ಸ್ಟ್ರಿಪ್ ಕೊಡಿ ಅಂತಾರೆ. ಅದು ಮೈಯಲ್ಲಿ ನಿಂತ ನೀರನ್ನ ಮೂತ್ರದಲ್ಲಿ ಆಚೆ ಹಾಕಿಸೋ ಮಾತ್ರೆ, ಹಾರ್ಟಿನ ತೊಂದರೆ ಇರೋರಿಗೆ, ಕಾಲು ಊತ ಬಂದೋರಿಗೆ ಡಾಕ್ಟ್ರು ಅಳೆದು ಬರೆಯೋ ಔಷಧಿ, ಚೀಟಿ ಇಲ್ದೆ ಕೊಡೋ ಹಾಗಿಲ್ಲ, ನಾನು ಕೊಡೋದೂ ಇಲ್ಲ. ಆಗ ಸಿಟ್ಟು ಮಾಡ್ಕೊಂಡು ಪಕ್ಕದ ಅಂಗಡಿಗೆ ಹೋಗ್ತಾರೆ.

ಶುಗರ್ ಇರೋರ ವಿಷಯ ಇದಕ್ಕಿಂತ ಹೆದರಿಕೆ. ಹೋದ ವರ್ಷ ಭೂಮಿ ಹುಣ್ಣಿಮೆ ಊಟ ಆದ ಮಾರನೇ ದಿನ ಹನ್ನೊಂದೂವರೆ ಹೊತ್ತಿಗೆ ಒಬ್ಬರು ಹಿರಿಯರು ಅಂಗಡಿ ಕಟ್ಟೆ ಹತ್ತಿ ಹಾಗೇ ಕೂತುಬಿಟ್ಟರು. ತಣ್ಣಗಿನ ಗಾಳಿ ಬೀಸ್ತಿದೆ, ಅವರ ಶರ್ಟಿನ ಬೆನ್ನು ಬೆವರಿಗೆ ಅಂಟಿಕೊಂಡಿದೆ, ಕೈ ನಡುಗ್ತಿದೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರನೂ ಇಲ್ಲ. ಚುಚ್ಚಿ ನೋಡಿದ್ರೆ 58. 70ಕ್ಕಿಂತ ಕೆಳಗೆ ಹೋದ್ರೇ ಕಮ್ಮಿ ಅಂತ ಲೆಕ್ಕ. ಆದದ್ದು ಇಷ್ಟು, ಹಿಂದಿನ ದಿನ ಗದ್ದೇಲಿ ಕೂತು ಕೊಟ್ಟೆ ಕಡುಬು ಪಾಯಸ ಜಾಸ್ತಿ ಆಯ್ತು ಅಂತ ಬೆಳಿಗ್ಗೆ ತಿಂಡಿ ಬಿಟ್ಟಿದಾರೆ, ಆದ್ರೆ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ಮಾತ್ರ ತಪ್ಪಿಸಬಾರದು ಅಂತ ನುಂಗಿದಾರೆ. ಆ ಮಾತ್ರೆ ಹೊಟ್ಟೇಲಿ ಊಟ ಇದೆಯೋ ಇಲ್ವೋ ನೋಡಲ್ಲ, ಇನ್ಸುಲಿನ್ ಬಿಡಿಸ್ತಾನೇ ಹೋಗುತ್ತೆ. ಮೂರು ಚಮಚ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಚೆಕ್ ಮಾಡಿ, ಎದುರಿನ ಹೋಟೆಲಿಂದ ಇಡ್ಲಿ ತರಿಸಿ ತಿನ್ನಿಸಿ, ಮಗನ್ನ ಕರೆಸಿ ಡಾಕ್ಟ್ರ ಹತ್ರ ಕಳಿಸಿದ್ದಾಯ್ತು, ಯಾಕಂದ್ರೆ ಈ ಮಾತ್ರೆಯಿಂದ ಇಳಿದ ಶುಗರ್ ಒಂದು ಸಲ ಏರಿ ಮತ್ತೆ ಇಳಿಯೋದುಂಟು. ಅವರು ಸ್ಕೂಟರ್ ಓಡಿಸ್ಕೊಂಡು ಬಂದಿದ್ರು ಅನ್ನೋದು ಆಮೇಲೆ ಗೊತ್ತಾಯ್ತು. ಎಂತ ಹೇಳೋದು!

ಹುಡುಗೀರ ಬಗ್ಗೆ ಒಂದು ಮಾತು. ನಮ್ಮ ಮಲೆನಾಡಲ್ಲಿ ಉಪಚಾರ ಜಾಸ್ತಿ ನೋಡಿ, ಬಡಿಸೋವಾಗ ಕೈ ಅಡ್ಡ ಇಟ್ರೂ ಬೆರಳ ಸಂದೀಲಿ ಹೋಳಿಗೆ ತುರುಕಿ ಹೋಗ್ತಾರೆ, ಒಂದೇ ಒಂದು ತಿನ್ನು, ಈ ವಯಸ್ಸಲ್ಲಿ ತಿನ್ನದೆ ಇನ್ಯಾವಾಗ ಅಂತ. ಅದೇ ಅತ್ತೆ, ಅದೇ ಚಿಕ್ಕಮ್ಮ, ಹೊರಡೋವಾಗ ಕುಂಕುಮ ಕೊಡ್ತಾ ಮೈ ಮೇಲಿಂದ ಕೆಳಗೆ ನೋಡಿ, ಎಂತ ಮಾರಾಯ್ತಿ ಸ್ವಲ್ಪ ದಪ್ಪ ಆದ್ಯಲ್ಲ ಅಂತಾರೆ. ಎರಡೂ ಪ್ರೀತಿನೇ ಇರಬಹುದು. ಆದ್ರೆ ಹಾಸ್ಟೆಲ್ಲಿಗೆ ವಾಪಸ್ ಹೋದ ಹುಡುಗಿ ಮೂರು ದಿನ ಊಟ ಬಿಡ್ತಾಳೆ, ನಾಲ್ಕನೇ ದಿನ ಹಸಿವು ತಡೆಯೋಕಾಗದೆ ಸಿಕ್ಕಿದ್ದೆಲ್ಲ ತಿಂತಾಳೆ, ತಿಂದೆನಲ್ಲ ಅಂತ ಅಳ್ತಾಳೆ, ಮತ್ತೆ ಬಿಡ್ತಾಳೆ. ಊಟ ಆದ ಕೂಡ್ಲೇ ಬಾತ್‌ರೂಮಿಗೆ ಹೋಗಿ ಬೆರಳು ಹಾಕಿ ವಾಂತಿ ಮಾಡೋ ತನಕ ಹೋದ್ರೆ ಅದು ಡಯಟ್ ಅಲ್ಲ, ಕಾಯಿಲೆ, ಆಸಿಡ್ ಬಂದು ಬಂದು ಹಲ್ಲಿನ ಎನಾಮಲ್ ಸವೆಯುತ್ತೆ, ಪೊಟ್ಯಾಶಿಯಂ ಇಳಿದು ಹಾರ್ಟಿನ ಬಡಿತನೂ ತಪ್ಪಬಹುದು. ಮನಸ್ಸಿನ ತೊಂದರೆಗೆ ಫೋನಲ್ಲೇ ಸಹಾಯ ಮಾಡೋ ಸರ್ಕಾರದ ಟೆಲಿ ಮಾನಸ್ ಅಂತ 14416 ನಂಬರ್ ಇದೆ, 2022ರಲ್ಲಿ ಶುರುವಾಗಿದ್ದು, ಹಗಲೂ ರಾತ್ರಿನೂ ಫ್ರೀ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪುರವಣಿಯ ಆ ಬರಹದ ಕೆಳಗೆ ಈ ನಂಬರ್ ಒಂದು ಹಾಕಿದ್ರೂ ಚೆನ್ನಾಗಿರ್ತಿತ್ತು.

ಹಾಗಂತ ಎಷ್ಟು ತಿಂದ್ರೂ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ, ಹಾಗೆ ಅಂದ್ಕೊಂಡು ನಾಳೆಯಿಂದ ಬಾಳೆ ಎಲೆ ಹಾಸಬೇಡಿ. ಒಂದು ದಿನದ ಊಟ ಏನೂ ಮಾಡಲ್ಲ, ದಿನಾ ಸಂಜೆ ಟೀ ಜೊತೆ ಇಳಿಯೋ ಎರಡು ಬೋಂಡ ಮಾಡುತ್ತೆ. ದಿನಕ್ಕೆ ಬರೀ 100 ಕ್ಯಾಲೊರಿ ಹೆಚ್ಚಾದ್ರೂ ಬರೀ ಲೆಕ್ಕದ ಪ್ರಕಾರ ಎಪ್ಪತ್ತೇಳು ದಿನಕ್ಕೆ ಒಂದು ಕೆಜಿ ಆಯ್ತು, ಮೈ ಅಷ್ಟು ನೇರವಾಗಿ ಲೆಕ್ಕ ಇಡಲ್ಲ ಬಿಡಿ, ಆದ್ರೂ ದಾರಿ ಅದೇ. ಬೇಕರಿ ಖಾರ ಬನ್ನು, ಬೆಣ್ಣೆ ಬಿಸ್ಕೆಟ್ಟು, ಟೀಗೆ ಎರಡೆರಡು ಚಮಚ ಸಕ್ಕರೆ, ಇದರ ಬಗ್ಗೆ ಯಾರೂ ಮಷೀನ್ ಹತ್ತಿ ಗಾಬರಿ ಆಗಲ್ಲ, ಹೋಳಿಗೆ ಪಾಪ ವರ್ಷಕ್ಕೆ ನಾಲ್ಕು ಸಲ ಬಂದು ಬೈಸ್ಕೊಂಡು ಹೋಗುತ್ತೆ. ಇನ್ನು ತಿಂದದ್ದನ್ನ ನಡೆದು ಕಳೀತೀನಿ ಅಂತ ಶಿವಮೊಗ್ಗದ ಫ್ರೀಡಂ ಪಾರ್ಕಲ್ಲಿ ಗಂಟೆಗಟ್ಟಲೆ ಸುತ್ತು ಹಾಕೋರಿಗೆ, 60 ಕೆಜಿ ಇರೋರು ಅರ್ಧ ಗಂಟೆ ಬಿರುಸಾಗಿ ನಡೆದ್ರೆ ಸುಮಾರು 120 ಕ್ಯಾಲೊರಿ ಅಷ್ಟೇ, ಒಂದು ಹೋಳಿಗೆಗೇ ಒಂದೂಕಾಲು ಗಂಟೆ ಬೇಕು, ಈ ವ್ಯಾಪಾರ ಗಿಟ್ಟಲ್ಲ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲೇ ಓಡಾಡಿ, ಊಟದ ನಂತರ ಶುಗರ್ ಏರೋದು ಅದರಿಂದ ಕಮ್ಮಿ ಆಗುತ್ತೆ, ಅದಕ್ಕೋಸ್ಕರ ನಡೀರಿ.

ತೂಕ ನೋಡ್ಲೇಬೇಕು ಅಂದ್ರೆ ಹಬ್ಬ ಆಗಿ ಒಂದು ವಾರ ಬಿಟ್ಟು ನೋಡಿ, ಬೆಳಿಗ್ಗೆ ಎದ್ದು ಹೊರಗಡೆಗೆ ಹೋಗಿ ಬಂದು ಕಾಫಿ ಕುಡಿಯೋ ಮುಂಚೆ, ಪ್ರತಿ ಸಲ ಅದೇ ಮಷೀನು, ಅದೇ ಥರದ ಬಟ್ಟೆ. ಒಂದು ದಿನದ ನಂಬರ್ ಬಿಟ್ಟಾಕಿ, ತಿಂಗಳಲ್ಲಿ ಎತ್ತ ಹೋಗ್ತಿದೆ ನೋಡಿ. ಅದಕ್ಕಿಂತ ಟೈಲರ್ ಟೇಪ್ ವಾಸಿ, ಸೊಂಟದ ಸುತ್ತಳತೆ ನಮ್ಮ ಜನಕ್ಕೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅಂತಾರೆ. ಆದ್ರೆ ಒಂದು, ಹಾರ್ಟ್ ಅಥವಾ ಕಿಡ್ನಿ ತೊಂದರೆ ಇರೋರಿಗೆ ಮೂರು ದಿನದಲ್ಲಿ 2 ಕೆಜಿಗಿಂತ ಹೆಚ್ಚು ಏರಿ, ಕಾಲು ಊದಿ, ಮಲಗಿದ್ರೆ ಉಸಿರು ಕಟ್ಟೋ ಹಾಗೆ ಆಗ್ತಿದ್ರೆ ಅದನ್ನ ಹೋಳಿಗೆ ತಲೆ ಮೇಲೆ ಹಾಕಬೇಡಿ, ಅವತ್ತೇ ಡಾಕ್ಟ್ರ ಹತ್ರ ಹೋಗಿ. ಇವರಿಗೆ ಮಾತ್ರ ದಿನಾ ತೂಕ ನೋಡೋದು ಒಳ್ಳೇದೇ.

ಮಿಕ್ಕಿದವರು ಮಾರನೇ ದಿನ ಎಂತ ಮಾಡ್ಬೇಕು ಅಂದ್ರೆ ಏನೂ ಇಲ್ಲ, ಹಸಿವಾದಾಗ ಊಟ ಮಾಡಿ. ಕುಚ್ಚಲಕ್ಕಿ ಗಂಜಿ, ಒಂದೆಲಗದ ತಂಬುಳಿ, ಅನ್ನ, ಒಂದು ಪಲ್ಯ, ಬೇಕಾದಷ್ಟು ನೀರು. ಉಳಿದ ಹೋಳಿಗೆ ಇದ್ರೆ ಅದರಲ್ಲಿ ಒಂದು ತಿಂದ್ರೂ ತಪ್ಪಿಲ್ಲ.

ಕೊನೇದಾಗಿ ನಿಮಗೆ, ಸಂಪಾದಕರೇ, ಯುಗಾದಿ ಬರುತ್ತೆ, ಊರೂರಲ್ಲಿ ಮಾರಿ ಜಾತ್ರೆ ಇರುತ್ತೆ, ಆಗ ಮತ್ತೆ ಇಂಥ ಬರಹ ಹಾಕೋದಾದ್ರೆ ಅಚ್ಚಿಗೆ ಹೋಗೋ ಮುಂಚೆ ಒಬ್ಬ ಡಾಕ್ಟ್ರಿಗೋ ಡಯಟೀಶಿಯನ್‌ಗೋ ತೋರಿಸಿ. ಅದೂ ಆಗಲ್ಲ ಅಂದ್ರೆ ಶುಗರ್, ಬಿಪಿ ಮಾತ್ರೆ ತಗೊಳೋರು, ಬಸುರಿ ಬಾಣಂತಿಯರು ಇದನ್ನ ಮಾಡಬೇಡಿ ಅಂತ ಒಂದು ಸಾಲು ದಪ್ಪ ಅಕ್ಷರದಲ್ಲಿ ಹೆಡಿಂಗ್ ಕೆಳಗೇ ಹಾಕಿ, ಬರಹದ ಕೊನೇಲಿ ಹಾಕಿದ್ರೆ ಯಾರೂ ಅಲ್ಲಿ ತನಕ ಓದಲ್ಲ.

ಇಂತಿ,
ಮೆಡಿಕಲ್ ಶಾಪ್ ನಡೆಸೋ ಒಬ್ಬ ಓದುಗ
ತೀರ್ಥಹಳ್ಳಿ ತಾಲ್ಲೂಕು