ಕಿರೀಟ ಇಳಿಸಿದ ರಾಣಿಯನ್ನು ಬರೆಯುವ ಬಗೆ: ಯುವ ಬರಹಗಾರರಿಗೆ ಒಂದು ಪತ್ರ

ಪ್ರಿಯ ಮಿತ್ರರೆ,

ಯುರೋಪಿನ ಅರಸು-ಅರಸಿಯರನ್ನು ಕುರಿತ ನಿಮ್ಮ ಲೇಖನಮಾಲೆಯ ಹಸ್ತಪ್ರತಿಯನ್ನು ಓದಿದ್ದೇನೆ. ಭಾಷೆ ಹದವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಅಧ್ಯಾಯಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ: ಜನನ, ಪಟ್ಟಾಭಿಷೇಕ, ಮದುವೆ, ಯುದ್ಧ, ಮರಣ, ಕಡೆಗೊಂದಿಷ್ಟು ಹೊಗಳಿಕೆ ಇಲ್ಲವೆ ತೆಗಳಿಕೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1643ರಲ್ಲಿ ಪಟ್ಟಕ್ಕೆ ಬಂದು 72 ವರ್ಷ ಆಳಿದನೆಂದು ಬರೆದಿದ್ದೀರಿ. ಪಟ್ಟಕ್ಕೆ ಬಂದಾಗ ಆ ಮಗುವಿಗೆ ಐದು ತುಂಬಿರಲಿಲ್ಲ. ಆಡಳಿತದ ಸೂತ್ರ ಅವನ ಕೈಸೇರಿದ್ದು 1661ರಲ್ಲಿ, ಮಂತ್ರಿ ಮಜಾರಿನ್ ತೀರಿಕೊಂಡ ಮೇಲೆ. ನಡುವಿನ ಹದಿನೆಂಟು ವರ್ಷಗಳನ್ನು ಯಾರ ಖಾತೆಗೆ ಹಾಕುತ್ತೀರಿ? ಅರಸನ ಬದುಕು ಬೇರೆ, ಅವನ ಆಳ್ವಿಕೆ ಬೇರೆ. ಅವೆರಡೂ ಒಂದಕ್ಕೊಂದು ಹೊಂದಿಕೊಳ್ಳದ ಜಾಗ ಎಲ್ಲಿದೆಯೆಂದು ಮೊದಲು ಹುಡುಕಿ, ಅಲ್ಲಿಂದ ಬರೆಯಲು ಆರಂಭಿಸಿ ಎನ್ನುವುದೇ ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವ ಮಾತು.

ಇದಕ್ಕೆ ನಿಮ್ಮ ಹಸ್ತಪ್ರತಿಯಲ್ಲೇ ಒಳ್ಳೆಯ ವಸ್ತುವಿದೆ: ಸ್ವೀಡನ್ನಿನ ರಾಣಿ ಕ್ರಿಸ್ಟೀನಾ. ಆಕೆಗೆ ನೀವು ಕೊಟ್ಟಿರುವುದು ಒಂದೂವರೆ ಪುಟ. ಅದರಲ್ಲಿಯೂ ಅರ್ಧ ಭಾಗ ಆಕೆ ಗಂಡಸರ ಉಡುಪು ತೊಡುತ್ತಿದ್ದಳು, ಮದುವೆಯನ್ನೇ ಒಲ್ಲೆನೆಂದಳು ಎಂಬ ಮಾತುಗಳಲ್ಲೇ ಕಳೆದುಹೋಗಿದೆ. 1626ರ ಡಿಸೆಂಬರ್‌ನಲ್ಲಿ ಹುಟ್ಟಿದ ಕ್ರಿಸ್ಟೀನಾ, ತಂದೆ ಗುಸ್ತಾವ್ ಅಡಾಲ್ಫ್ 1632ರ ನವೆಂಬರ್‌ನಲ್ಲಿ ಲ್ಯೂಟ್ಸೆನ್ ರಣಭೂಮಿಯಲ್ಲಿ ಮಡಿದಾಗ, ಆರು ತುಂಬುವ ಮೊದಲೇ ರಾಣಿಯಾದಳು. 1644ರಲ್ಲಿ ಪ್ರಾಯಕ್ಕೆ ಬಂದು ಅಧಿಕಾರ ವಹಿಸಿಕೊಂಡಳು, 1654ರಲ್ಲಿ ತಾನಾಗಿಯೇ ಸಿಂಹಾಸನ ತೊರೆದಳು, 1689ರ ಏಪ್ರಿಲ್‌ನಲ್ಲಿ ರೋಮ್ ನಗರದಲ್ಲಿ ಕಣ್ಣುಮುಚ್ಚಿದಳು. 62 ವರ್ಷ ಬಾಳಿದವಳು ನಿಜವಾಗಿ ಆಳಿದ್ದು ಹತ್ತೇ ವರ್ಷ. ನಿಮ್ಮ ಬರಹದಲ್ಲಿ ಆಕೆಯ ಕತೆ 1654ಕ್ಕೇ ಮುಗಿಯುತ್ತದೆ; ನನ್ನ ಪ್ರಕಾರ ಅದು ಬಿಗಿಯಾಗುವುದೇ ಆಮೇಲೆ.

ಕೆಳದಿಯ ಚೆನ್ನಮ್ಮನೊಂದಿಗೆ ನೀವು ಮಾಡಿರುವ ಹೋಲಿಕೆಯನ್ನು ದಯವಿಟ್ಟು ತೆಗೆದುಬಿಡಿ. ಚೆನ್ನಮ್ಮ ಗಂಡನನ್ನು ಕಳೆದುಕೊಂಡ ಮೇಲೆ ರಾಜ್ಯಭಾರ ಹೊತ್ತವಳು. ಕ್ರಿಸ್ಟೀನಾಳಿಗೆ ಪಟ್ಟ ದಕ್ಕಿದ್ದು ಮಗಳೆಂಬ ಕಾರಣಕ್ಕೆ, ಹೆಣ್ಣುಮಕ್ಕಳಿಗೂ ಉತ್ತರಾಧಿಕಾರದ ಹಕ್ಕು ಕೊಟ್ಟಿದ್ದ 1604ರ ನಾರ್‌ಷೋಪಿಂಗ್ ಒಪ್ಪಂದದ ಬಲದಿಂದ. ಇಬ್ಬರನ್ನೂ ಒಂದೇ ವಾಕ್ಯದಲ್ಲಿ ನಿಲ್ಲಿಸಿದರೆ ಇಬ್ಬರ ವಿಶೇಷವೂ ಮಸುಕಾಗುತ್ತದೆ, ಕನ್ನಡದ ಓದುಗರಿಗೆ ಹತ್ತಿರವಾಗಲಿ ಎಂಬ ನಿಮ್ಮ ಆಸೆ ಮಾತ್ರ ಕಾಣುತ್ತದೆ.

ಆಕೆ ಹುಟ್ಟಿದಾಗ ಗಂಡುಮಗುವೆಂದೇ ಎಲ್ಲರೂ ಭ್ರಮಿಸಿದರು, ನಿಜ ತಿಳಿದ ತಂದೆ ನಕ್ಕು, ನಮ್ಮೆಲ್ಲರನ್ನೂ ಏಮಾರಿಸಿದ ಇವಳು ಜಾಣೆಯೇ ಆಗುತ್ತಾಳೆ ಎಂದನಂತೆ ಎಂಬ ಪ್ರಸಂಗವನ್ನು ಸೊಗಸಾಗಿ ಬರೆದಿದ್ದೀರಿ. ಆದರೆ ಈ ಕತೆಯನ್ನು ನಮಗೆ ಹೇಳುವವಳು ಸ್ವತಃ ಕ್ರಿಸ್ಟೀನಾ, ಅದೂ ಮುಪ್ಪಿನಲ್ಲಿ ರೋಮ್‌ನಲ್ಲಿ ಕುಳಿತು, ಅರ್ಧಕ್ಕೇ ನಿಂತುಹೋದ ಆತ್ಮಕತೆಯಲ್ಲಿ. ಆ ಆತ್ಮಕತೆಯನ್ನು ಆಕೆ ಅರ್ಪಿಸಿದ್ದು ದೇವರಿಗೆ. ತನಗಿಂತ ಕೆಳಗಿನ ಓದುಗ ಆಕೆಗೆ ಹಿಡಿಸಲಿಲ್ಲವೆಂದು ತೋರುತ್ತದೆ. ಪ್ರಸಂಗವನ್ನು ಬಿಡಬೇಕಾಗಿಲ್ಲ, ಆದರೆ ಹೇಳಿದವರು ಯಾರು, ಯಾವಾಗ ಎಂಬುದನ್ನು ಅದೇ ವಾಕ್ಯದಲ್ಲಿ ತಿಳಿಸಿ. ಆಗ ಅದು ಒಂದು ಕೂಸಿನ ಕತೆಯ ಜೊತೆಗೆ, ತಾನು ಎಂಥವಳೆಂದು ಲೋಕ ನಂಬಬೇಕೆಂದು ಬಯಸಿದ ಒಬ್ಬ ಹಳೆಯ ರಾಣಿಯ ಕತೆಯೂ ಆಗುತ್ತದೆ.

ಇನ್ನು ಆಳ್ವಿಕೆ. ಕ್ರಿಸ್ಟೀನಾಳನ್ನು ಪುಸ್ತಕದ ಹುಳುವೆಂದು ಚಿತ್ರಿಸಿ 1650ರ ವರ್ಷವನ್ನು ನೀವು ಪಟ್ಟಾಭಿಷೇಕದ ಮೆರವಣಿಗೆಗೆ ಮೀಸಲಿಟ್ಟಿದ್ದೀರಿ. ಅದೇ ವರ್ಷ ನೆರೆದ ಮಹಾಸಭೆಯನ್ನು ಗಮನಿಸಿ. ಸ್ವೀಡನ್ನಿನ ಸಭೆಯಲ್ಲಿ ಶ್ರೀಮಂತರು, ಪಾದ್ರಿಗಳು, ಪೇಟೆಯವರು ಮಾತ್ರವಲ್ಲದೆ ರೈತರಿಗೂ ಪ್ರತ್ಯೇಕ ವರ್ಗವಾಗಿ ಸ್ಥಾನವಿತ್ತು. ಯುರೋಪಿನ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಪಕ್ಷಗಳ ನಡುವೆ ನಡೆದ ಮೂವತ್ತು ವರ್ಷಗಳ ಯುದ್ಧದುದ್ದಕ್ಕೂ ರಾಜಭೂಮಿಯನ್ನು ಮಾರಿ, ದಾನ ಕೊಟ್ಟು ಬೊಕ್ಕಸ ಬರಿದಾಗಿತ್ತು. ಕ್ರಿಸ್ಟೀನಾ ತಾನೂ ನೂರಾರು ಮಂದಿಯನ್ನು ಹೊಸದಾಗಿ ಶ್ರೀಮಂತ ಪದವಿಗೇರಿಸಿದ್ದಳು. ಕೊಟ್ಟ ಭೂಮಿಯನ್ನು ಹಿಂದಕ್ಕೆ ಪಡೆಯಿರಿ ಎಂದು ಕೆಳಗಿನ ಮೂರು ವರ್ಗಗಳು ಪಟ್ಟುಹಿಡಿದಾಗ ಆಕೆ ಅವರಿಗೆ ಕಿವಿಗೊಟ್ಟಂತೆ ನಡೆದುಕೊಂಡಳು. ಬೆದರಿದ ಶ್ರೀಮಂತರು, ಆಕೆಯ ಸೋದರತ್ತೆಯ ಮಗ ಕಾರ್ಲ್ ಗುಸ್ತಾವನೂ ಅವನ ಸಂತತಿಯೂ ಪಟ್ಟಕ್ಕೆ ವಾರಸುದಾರರೆಂದು ಒಪ್ಪಿದರು. ಒಪ್ಪಿಗೆ ಕೈಗೆ ಬಂದೊಡನೆ ಭೂಮಿಯ ಬೇಡಿಕೆಯನ್ನು ಆಕೆ ಕೈಬಿಟ್ಟಳು. ಇಪ್ಪತ್ಮೂರರ ಹೆಣ್ಣೊಬ್ಬಳು ರೈತರನ್ನು ಮುಂದಿಟ್ಟುಕೊಂಡು, ಬಾಲ್ಯದಿಂದ ತನ್ನನ್ನು ತಿದ್ದಿದ ಪ್ರಧಾನಿ ಆಕ್ಸೆನ್‌ಸ್ಟಿಯೆರ್ನಾನಂಥ ಪಳಗಿದ ಮುತ್ಸದ್ದಿಯನ್ನೇ ಮಣಿಸಿದ ಈ ಘಟನೆ ನಿಮ್ಮ ಬರಹದಲ್ಲಿ ಒಂದು ಸಾಲಿನಷ್ಟೂ ಇಲ್ಲ. ರೈತರು ಕೇಳಿದ್ದು ಆಗ ಅವರಿಗೆ ಸಿಗಲಿಲ್ಲ ಎಂಬುದನ್ನೂ ಬರೆಯಲು ಮರೆಯಬೇಡಿ.

ಪಟ್ಟ ತೊರೆದ ದಿನವನ್ನು ಮಾತ್ರ ಸಾವಧಾನವಾಗಿ ಬರೆಯಿರಿ. 1654ರ ಜೂನ್ 6, ಉಪ್ಸಾಲಾ ಕೋಟೆ. ಕಿರೀಟ, ನಿಲುವಂಗಿ, ರಾಜದಂಡಗಳೊಂದಿಗೆ ಬಂದ ರಾಣಿಯ ಮೈಮೇಲಿಂದ ರಾಜಚಿಹ್ನೆಗಳನ್ನು ಒಂದೊಂದಾಗಿ ತೆಗೆಯುವ ವಿಧಿ ಅದು. ಕಿರೀಟ ಇಳಿಸಬೇಕಾಗಿದ್ದ ರಾಜ್ಯದ ಹಿರಿಯ ಅಧಿಕಾರಿ ಪೇರ್ ಬ್ರಾಹೆ ನಿಂತಲ್ಲಿಂದ ಕದಲಲಿಲ್ಲ. ಕೊನೆಗೆ ಆಕೆಯೇ ಎರಡೂ ಕೈಯೆತ್ತಿ ಕಿರೀಟವನ್ನು ಇಳಿಸಬೇಕಾಯಿತು. ಅದೇ ದಿನ ಕಾರ್ಲ್ ಗುಸ್ತಾವನಿಗೆ ಪಟ್ಟವಾಯಿತು. ಇಲ್ಲಿ ‘ಭಾವುಕ ಕ್ಷಣ’, ‘ಇತಿಹಾಸದಲ್ಲೇ ಅಪೂರ್ವ’ ಎಂಬ ನಿಮ್ಮ ವಿಶೇಷಣಗಳು ಬೇಡ. ಬ್ರಾಹೆ ಕದಲಲಿಲ್ಲ ಎಂದರೆ ಸಾಕು.

ತತ್ತ್ವಜ್ಞಾನಿ ಡೆಕಾರ್ಟ್‌ನ ಸಾವಿನ ವಿಷಯದಲ್ಲಿ ನೀವು ಸುಲಭದ ದಾರಿ ಹಿಡಿದಿದ್ದೀರಿ. ಮುಂಜಾನೆ ಐದಕ್ಕೆ ಪಾಠ ಹೇಳಿಸಿಕೊಂಡ ರಾಣಿ ಅವನನ್ನು ಚಳಿಯಲ್ಲಿ ಕೊಂದಳು ಎಂಬುದು ಚುರುಕಾದ ಮಾತೇನೋ ಹೌದು. ಆದರೆ ಅವನು ಉಳಿದುಕೊಂಡಿದ್ದ ಫ್ರೆಂಚ್ ರಾಯಭಾರಿ ಶಾನ್ಯೂವಿನ ಮನೆಯಲ್ಲಿ ರಾಯಭಾರಿಯೇ ಮೊದಲು ನ್ಯುಮೋನಿಯಾದಿಂದ ಮಲಗಿದ್ದ. ಡೆಕಾರ್ಟ್ ಅವನ ಆರೈಕೆ ಮಾಡುತ್ತಿದ್ದ. 1650ರ ಫೆಬ್ರವರಿ 11ರ ಸಾವಿಗೆ ಒಂದೇ ಕಾರಣವನ್ನು ಆರಿಸಿಕೊಂಡು ಉಳಿದದ್ದನ್ನು ಮುಚ್ಚಿಡುವುದು ಒಳ್ಳೆಯ ಬರಹಗಾರನ ಲಕ್ಷಣವಲ್ಲ.

ನಾನು ಬಿಗಿಯಾಗುತ್ತದೆ ಎಂದ ಭಾಗಕ್ಕೆ ಈಗ ಬರುತ್ತೇನೆ. ಪ್ರಾಟೆಸ್ಟೆಂಟ್ ಪಕ್ಷಕ್ಕಾಗಿ ಪ್ರಾಣ ಕೊಟ್ಟ ವೀರನ ಮಗಳು 1655ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಬಹಿರಂಗವಾಗಿ ಕ್ಯಾಥೊಲಿಕ್ ಮತಕ್ಕೆ ಸೇರಿ ರೋಮ್ ತಲುಪಿದಳು. ಸ್ವೀಡನ್ನಿನಿಂದ ಬರಬೇಕಾದ ಹಣ ಸರಿಯಾಗಿ ಬರುತ್ತಿರಲಿಲ್ಲ. ಫ್ರಾನ್ಸಿನ ನೆರವಿನಿಂದ ನೇಪಲ್ಸ್‌ನ ಸಿಂಹಾಸನವೇರುವ ಯೋಜನೆ ತಲೆಯಲ್ಲಿತ್ತು. ಆ ಗುಟ್ಟನ್ನು ಬಯಲು ಮಾಡಿದನೆಂದು ತನ್ನ ಪರಿವಾರದ ಮಾರ್ಕ್ವಿಸ್ ಮೊನಾಲ್ಡೆಸ್ಕಿಯ ಮೇಲೆ ಆಕೆಗೆ ಸಂಶಯ ಹುಟ್ಟಿತು. 1657ರ ನವೆಂಬರ್ 10ರಂದು ಫಾಂಟೆನ್‌ಬ್ಲೊ ಅರಮನೆಯ ಹಜಾರಕ್ಕೆ ಅವನನ್ನು ಕರೆಸಿ, ಕೆಲವು ದಿನ ಮೊದಲೇ ಲೆ ಬೆಲ್ ಎಂಬ ಪಾದ್ರಿಯ ಬಳಿ ಮುದ್ರೆಯೊತ್ತಿ ಇರಿಸಿದ್ದ ಕಾಗದಗಳನ್ನು ತರಿಸಿ ಮುಂದಿಟ್ಟಳು. ಅವನು ಕಾಲಿಗೆ ಬಿದ್ದ; ಪಾದ್ರಿಯೂ ಅಂಗಲಾಚಿದ. ಆಕೆ ಒಪ್ಪಲಿಲ್ಲ. ಬಟ್ಟೆಯೊಳಗೆ ಉಕ್ಕಿನ ಕವಚ ತೊಟ್ಟಿದ್ದ ಕಾರಣ ಅವನ ಸಾವು ಬಹಳ ಹೊತ್ತು ಎಳೆಯಿತು. ಇದಕ್ಕೆಲ್ಲ ಸಾಕ್ಷಿಯಾಗಿದ್ದ ಲೆ ಬೆಲ್ ಕಂಡದ್ದನ್ನು ಬರೆದಿಟ್ಟಿದ್ದಾನೆ.

ಇದನ್ನು ಕ್ರೌರ್ಯವೆಂದು ಒಂದೇ ಮಾತಿನಲ್ಲಿ ಮುಗಿಸಲು ಮನಸ್ಸಾಗುತ್ತದೆ, ಕ್ರೌರ್ಯವೇ ಹೌದು. ಆದರೆ ಪರಿವಾರದವರ ಜಗಳದಲ್ಲಿ ಹೀಗಾಯಿತೆಂದು ಹೇಳಿಬಿಡಿ ಎಂದು ಮಜಾರಿನ್ ಸಲಹೆ ಕೊಟ್ಟಾಗ ಆಕೆ ಅದನ್ನು ತಳ್ಳಿಹಾಕಿದಳು. ತನ್ನ ಪರಿವಾರದವನಿಗೆ ಶಿಕ್ಷೆ ವಿಧಿಸುವ ಹಕ್ಕು ತನ್ನದು, ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ ಎಂಬುದು ಆಕೆಯ ನಿಲುವು. ದೇಶವಿಲ್ಲ, ಸೈನ್ಯವಿಲ್ಲ, ನಿಂತಿರುವುದು ಇನ್ನೊಬ್ಬ ದೊರೆಯ ಅರಮನೆಯಲ್ಲಿ. ಆದರೂ ತಾನು ರಾಣಿ. ಉಪ್ಸಾಲಾದಲ್ಲಿ ಮುಗಿಯಿತೆಂದು ಕಾಗದ ಹೇಳಿದ ಆಳ್ವಿಕೆಯನ್ನು ಆಕೆ ಒಬ್ಬನ ಪ್ರಾಣದ ಮೇಲೆ ಮುಂದುವರಿಸಿದ್ದಳು. ನಿಮ್ಮ ಅಧ್ಯಾಯ ಇಲ್ಲಿಂದ ಆರಂಭವಾಗಿ ಹಿಂದಕ್ಕೆ ಹೋಗಲಿ ಎಂದು ನನ್ನ ಸೂಚನೆ.

ತಾರೀಕುಗಳ ಬಗ್ಗೆ ಎರಡು ಮಾತು. ಗುಸ್ತಾವ್ ಅಡಾಲ್ಫ್ ಸತ್ತದ್ದು ಒಂದು ಕಡೆ ನವೆಂಬರ್ 6, ಇನ್ನೊಂದು ಕಡೆ ನವೆಂಬರ್ 16 ಎಂದು ಕಂಡು ನೀವು ಗೊಂದಲಕ್ಕೊಳಗಾಗಿದ್ದೀರಿ. ಎರಡೂ ಸರಿಯೇ: ಸ್ವೀಡನ್ ಆಗ ಹತ್ತು ದಿನ ಹಿಂದಿದ್ದ ಹಳೆಯ ಜೂಲಿಯನ್ ಪಂಚಾಂಗದಲ್ಲೇ ಇತ್ತು, ಈಗಿನ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದದ್ದು 1753ರಲ್ಲಿ. ಇಂಗ್ಲೆಂಡಿನದು ಇನ್ನೂ ತೊಡಕು. ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ, ನಾವು 1649ರ ಜನವರಿ 30 ಎನ್ನುವ ಮೊದಲನೆಯ ಚಾರ್ಲ್ಸ್‌ನ ಶಿರಚ್ಛೇದನದ ದಿನ ಅಂದಿನ ದಾಖಲೆಗಳಲ್ಲಿ 1648ರಲ್ಲಿದೆ. ಯಾವ ಪಂಚಾಂಗವನ್ನು ಅನುಸರಿಸುತ್ತೀರೆಂದು ಮಾಲೆಯ ಆರಂಭದಲ್ಲೇ ಹೇಳಿ, ಕೊನೆಯವರೆಗೂ ಅದಕ್ಕೇ ಅಂಟಿಕೊಳ್ಳಿ.

ಕ್ರಿಸ್ಟೀನಾಳ ಅಧ್ಯಾಯವನ್ನು ಹೊಸದಾಗಿ ಬರೆದು ಮೊದಲು ಅದನ್ನಷ್ಟೇ ಕಳುಹಿಸಿ. ಪುಟಗಳ ಮಿತಿ ಹಾಕಿಕೊಳ್ಳಬೇಡಿ. ಲೂಯಿಯನ್ನು ಆಮೇಲೆ ನೋಡೋಣ. ಆ ಹೊತ್ತಿಗೆ 1643ರಿಂದ 1661ರವರೆಗೆ ಅವನ ಹೆಸರಿನಲ್ಲಿ ಸಹಿ ಹಾಕುತ್ತಿದ್ದವರು ಯಾರು ಯಾರು ಎಂಬುದನ್ನು ಗುರುತು ಹಾಕಿಟ್ಟುಕೊಂಡಿರಿ.

ನಿಮ್ಮ ವಿಶ್ವಾಸಿ